ಟ್ಯಾಂಕ್ ತುಂಬಿದರೆ ಕೂಗುವ ಬಜರ್: ಮನೆಯಲ್ಲೇ ಜೋಡಿಸುವುದು ಹೇಗೆ?

ಸಂಪಿನ ನೀರನ್ನು ತಾರಸಿಯ ಟ್ಯಾಂಕಿಗೆ ಏರಿಸುವ ಮನೆಗಳಲ್ಲಿ ಮೋಟರ್ ಆರಿಸಲು ಮರೆತು ನೀರು ಹರಿದುಹೋಗುವುದು ಸಾಮಾನ್ಯ. ಟ್ಯಾಂಕ್ ತುಂಬಿದೊಡನೆ ಎಚ್ಚರಿಸುವ ಸಾಧನವನ್ನು ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ಒಂದೇ ಟ್ರಾನ್ಸಿಸ್ಟರ್‌ನಿಂದ ಮಾಡಿಕೊಳ್ಳಬಹುದು. ಪ್ರತಿಯೊಂದು ಬಿಡಿಭಾಗದ ಕೆಲಸವನ್ನೂ ಕೈಯಾರೆ ಪರೀಕ್ಷಿಸಿ ತಿಳಿಯಬಹುದಾದ್ದರಿಂದ, ಎಲೆಕ್ಟ್ರಾನಿಕ್ಸ್ ಕಲಿಯಹೊರಟವರು ಇದರಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ನಂಬಿಕೆ.

ಬೇಕಾಗುವುದು ಬಿ.ಸಿ. 547 (BC547) ಟ್ರಾನ್ಸಿಸ್ಟರ್, 9 ವೋಲ್ಟ್ ಬ್ಯಾಟರಿ, ಬ್ಯಾಟರಿ ತಾಗಿಸಿದೊಡನೆ ತಾನಾಗಿ ಸದ್ದು ಮಾಡುವ ಪೀಜೋ ಬಜರ್, 1 ಕಿಲೋಓಮ್ ಮತ್ತು 100 ಕಿಲೋಓಮ್‌ನ ತಲಾ ಒಂದು ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ), ಒಂದು ಪುಶ್ ಬಟನ್, ಎರಡು ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳು ಮತ್ತು ಜೋಡಿ ವೈರು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ.

ಮೊದಲು, ಬೆಸುಗೆಯಿಲ್ಲದೆ ತೂತುಗಳಿಗೆ ಸಿಕ್ಕಿಸಿ ಜೋಡಿಸುವ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿ. ಟ್ರಾನ್ಸಿಸ್ಟರ್‌ನ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದಾಗ, ಎಡದಿಂದ ಕ್ರಮವಾಗಿ ಕಲೆಕ್ಟರ್, ಬೇಸ್, ಎಮಿಟರ್ ಇರುತ್ತವೆ. ಬಜರಿನ ಧನ ತುದಿಯನ್ನು ಬ್ಯಾಟರಿಯ ಧನಕ್ಕೂ ಋಣ ತುದಿಯನ್ನು ಕಲೆಕ್ಟರಿಗೂ, ಎಮಿಟರನ್ನು ಬ್ಯಾಟರಿಯ ಋಣಕ್ಕೂ ಸೇರಿಸಿ. ಬ್ಯಾಟರಿಯ ಧನದಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಒಂದು ಕಡ್ಡಿಗೆ ವೈರು ಹೋಗಬೇಕು. ಇನ್ನೊಂದು ಕಡ್ಡಿಯ ವೈರು ನೇರವಾಗಿ ಬೇಸಿಗೆ ಬರಬೇಕು. ಕಡ್ಡಿಗಳು ಒಂದಕ್ಕೊಂದು ತಾಗಿದರೂ ಬೇಸಿಗೆ ಅತಿಯಾದ ಕರೆಂಟ್ ಹರಿಯದಂತೆ ಈ ರೆಸಿಸ್ಟರ್ ತಡೆಯುತ್ತದೆ.

ಬೇಸ್ ಮತ್ತು ಎಮಿಟರ್ ನಡುವೆ ಕೂರಿಸುವ 100 ಕಿಲೋಓಮ್ ರೆಸಿಸ್ಟರನ್ನು ಅನಗತ್ಯವೆಂದು ಬಿಟ್ಟುಬಿಡಬಾರದು. ಟ್ರಾನ್ಸಿಸ್ಟರ್ ತೆರೆದುಕೊಳ್ಳಲು ಬೇಸಿನಲ್ಲಿ ಸುಮಾರು 0.6 ವೋಲ್ಟ್ ಬೇಕು; ಮಳೆಗಾಲದ ತೇವದಿಂದ ವೈರುಗಳ ನಡುವೆ ಸೋರುವ ಅತ್ಯಲ್ಪ ಕರೆಂಟ್ ಈ ರೆಸಿಸ್ಟರ್ ಮೂಲಕ ಹರಿದುಹೋಗುವುದರಿಂದ ಅಷ್ಟು ವೋಲ್ಟೇಜ್ ಏರದೆ, ಬಜರ್ ಸುಮ್ಮನೆ ಕೂಗುವುದು ತಪ್ಪುತ್ತದೆ. ನಿಜವಾಗಿ ನೀರು ತಾಗಿದಾಗ ಅದರಲ್ಲಿ ಕರಗಿರುವ ಲವಣಗಳು ಹೆಚ್ಚು ಕರೆಂಟ್ ಒಯ್ಯುತ್ತವೆ, ಟ್ರಾನ್ಸಿಸ್ಟರ್ ಅದನ್ನು ನೂರಾರು ಪಟ್ಟು ಹೆಚ್ಚಿಸಿ ಬಜರಿಗೆ ಕೊಡುತ್ತದೆ. ಗಡಸಾದ ಬೋರ್‌ವೆಲ್ ನೀರಿಗಿಂತ ಮಳೆನೀರು ಕರೆಂಟನ್ನು ಕಡಿಮೆ ಒಯ್ಯುವುದರಿಂದ, ನಿಮ್ಮ ಟ್ಯಾಂಕಿಗೆ ಬರುವ ನೀರನ್ನೇ ಲೋಟದಲ್ಲಿ ತುಂಬಿ ಕಡ್ಡಿಗಳನ್ನು ಅದ್ದಿ ಪರೀಕ್ಷಿಸಿ.

ಸದ್ದು ಸರಿಯಾಗಿ ಬಂದರೆ ಬಿಡಿಭಾಗಗಳನ್ನು ಬೆಸುಗೆಗೆಂದೇ ಇರುವ ಬೇರೊಂದು ಬೋರ್ಡಿನ ಮೇಲೆ ಬೆಸುಗೆ ಹಾಕಿ, ಬಜರ್ ಮತ್ತು ಬ್ಯಾಟರಿಯೊಡನೆ ಮನೆಯೊಳಗೆ ಪೆಟ್ಟಿಗೆಯಲ್ಲಿಡಿ. ತಾರಸಿಗೆ ಜೋಡಿ ವೈರು ಮಾತ್ರ ಹೋಗಲಿ. ಬ್ಯಾಟರಿಯ ಬದಲು ಮನೆಯ 230 ವೋಲ್ಟ್ ವಿದ್ಯುತ್ತಿಗೆ ಇದನ್ನು ಎಂದಿಗೂ ಜೋಡಿಸಬೇಡಿ: ಕಡ್ಡಿಗಳು ಮುಟ್ಟುವುದು ಮನೆಯವರೆಲ್ಲ ಬಳಸುವ ನೀರನ್ನು.

ಕಡ್ಡಿಗಳು ಹೊರಹರಿವಿನ ಪೈಪಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ, ನಡುವೆ 2 ಸೆಂಟಿಮೀಟರ್ ಅಂತರವಿಟ್ಟು ತೂಗಾಡದಂತೆ ನಿಲ್ಲಬೇಕು. ತಾಮ್ರದ ವೈರಿನ ತುದಿಯನ್ನೇ ನೀರಿಗೆ ಇಳಿಬಿಟ್ಟರೆ, ಧನ ಬದಿಯ ತಾಮ್ರ ಕರಗುತ್ತಾ ಸವೆಯುತ್ತದೆ. ಪೆಟ್ಟಿಗೆಯೊಳಗೆ, ಕಡ್ಡಿಗಳಿಗೆ ಹೋಗುವ ಎರಡು ವೈರುಗಳಿಗೆ ಅಡ್ಡಲಾಗಿ ಪುಶ್ ಬಟನ್ ಕೂರಿಸಿಕೊಂಡರೆ, ಅದನ್ನು ಒತ್ತಿ ಬ್ಯಾಟರಿಯನ್ನೂ ಬಜರನ್ನೂ ಪರೀಕ್ಷಿಸಬಹುದು. ಕಡ್ಡಿಗಳ ಮೇಲೆ ಬಿಳಿ ಪದರ ಕಟ್ಟಿದೆಯೇ ಎಂದು ನೋಡಲು ಮಾತ್ರ ಆಗಾಗ ಟ್ಯಾಂಕಿನ ಮುಚ್ಚಳ ತೆರೆಯಲೇಬೇಕು.