ಹೈಸ್ಕೂಲು ಲೈಬ್ರರಿಗೆ ಹೊಸ ಪುಸ್ತಕ: ಆರಿಸುವುದು ಹೇಗೆ, ಬೀರುವಿನಿಂದ ಹೊರಗೆ ತರುವುದು ಹೇಗೆ?

ನಮ್ಮ ಹೈಸ್ಕೂಲುಗಳಲ್ಲಿ ಪುಸ್ತಕ ಇಲ್ಲವೆನ್ನುವುದಕ್ಕಿಂತ ಇರುವ ಪುಸ್ತಕ ಮಕ್ಕಳ ಕೈಗೆ ಸಿಗುವುದಿಲ್ಲ ಎನ್ನುವುದೇ ದೊಡ್ಡ ತೊಂದರೆ. ಎಷ್ಟೋ ಶಾಲೆಗಳಲ್ಲಿ ಲೈಬ್ರರಿ ನೋಡಿಕೊಳ್ಳುವುದಕ್ಕೆಂದೇ ಯಾರೂ ಇರುವುದಿಲ್ಲ. ಕನ್ನಡ ಮೇಷ್ಟ್ರಿಗೋ ಸಮಾಜ ವಿಜ್ಞಾನದ ಮೇಡಂಗೋ ಪಾಠದ ಜೊತೆಗೆ ಇದೂ ಒಂದು 'ಇನ್‌ಚಾರ್ಜ್'. ಬೀರುವಿನ ಕೀಲಿ ಅವರ ಕೈಯಲ್ಲಿ, ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರೂ ಅವರೇ. ಹೀಗಿರುವಾಗ ಬೀರುವಿಗೆ ಬೀಗ ಬೀಳುವುದು ಆಶ್ಚರ್ಯವಲ್ಲ. ಹೊಸ ಪುಸ್ತಕ ತರಿಸುವ ಮುನ್ನ ಈ ಬೀಗದ ಬಗ್ಗೆ ಯೋಚಿಸಿ. ಇಲ್ಲದಿದ್ದರೆ ಹೊಸವೂ ಹಳೆಯವುಗಳ ಪಕ್ಕದಲ್ಲಿ ಹೋಗಿ ಕೂರುತ್ತವೆ.

ಹಂತ 1: ಬೀರು ಖಾಲಿ ಮಾಡಿ

ಜೂನ್ ಮೊದಲ ವಾರಗಳಲ್ಲಿ, ಪಾಠಗಳು ಬಿರುಸಾಗುವ ಮುನ್ನ, ಎಲ್ಲ ಪುಸ್ತಕ ಹೊರಗೆ ತೆಗೆದು ಬೆಂಚಿನ ಮೇಲೆ ಹರಡಿ. ಒಂಬತ್ತನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ. ಗೆದ್ದಲು ಹಿಡಿದದ್ದು, ಹಾಳೆ ಉದುರಿದ್ದು, ಹಳೆಯ ಪಠ್ಯಕ್ರಮದ ಗೈಡುಗಳು ಒಂದು ಕಡೆ ಹೋಗಲಿ. ಉಳಿದವುಗಳಲ್ಲಿ ಒಂದೊಂದರ ಕೊನೆಯ ಪುಟ ತೆರೆದು ಅಲ್ಲಿ ಅಂಟಿಸಿದ ದಿನಾಂಕದ ಚೀಟಿ ನೋಡಿ. ಯಾವುದರಲ್ಲಿ ಸಾಲುಸಾಲು ತಾರೀಖುಗಳಿವೆ, ಯಾವುದು ಅಂಟಿಸಿದ ದಿನ ಇದ್ದಂತೆಯೇ ಬಿಳಿಯಾಗಿದೆ? ನಿಮ್ಮ ಶಾಲೆಯ ಮಕ್ಕಳ ಅಭಿರುಚಿಯನ್ನು ಯಾವ ತಜ್ಞರಿಗಿಂತಲೂ ಚೆನ್ನಾಗಿ ಈ ಚೀಟಿ ಹೇಳುತ್ತದೆ. ಚಿಂದಿಯಾದ ಪುಸ್ತಕವನ್ನು ಬಿಸಾಡುವ ಮೊದಲು ಅದರ ಹೆಸರು ಬರೆದಿಟ್ಟುಕೊಳ್ಳಿ. ಅದು ಅಷ್ಟು ಸವೆದದ್ದು ಓದಿಸಿಕೊಂಡಿದ್ದರಿಂದಲೇ ಇರಬಹುದು. ಹಾಗಿದ್ದರೆ ಹೊಸ ಪಟ್ಟಿಯಲ್ಲಿ ಅದರ ಹೊಸ ಪ್ರತಿಗೇ ಮೊದಲ ಜಾಗ.

ಹಂತ 2: ಮಕ್ಕಳನ್ನು ಕೇಳಿ, ಆದರೆ ಕೇಳುವ ರೀತಿಯಲ್ಲಿ ಕೇಳಿ

'ನಿಮಗೆ ಯಾವ ಪುಸ್ತಕ ಬೇಕು?' ಎಂದು ಕ್ಲಾಸಿನಲ್ಲಿ ನಿಂತು ಕೇಳಿದರೆ ಮುಂದಿನ ಬೆಂಚಿನವರು 'ಸಾಮಾನ್ಯ ಜ್ಞಾನ ಸಾರ್' ಎನ್ನುತ್ತಾರೆ, ಹಿಂದಿನ ಬೆಂಚಿನವರು ಸುಮ್ಮನಿರುತ್ತಾರೆ. ಅದರ ಬದಲು ಹೆಸರು ಬರೆಯದ ಚೀಟಿ ಕೊಡಿ. ಎರಡೇ ಪ್ರಶ್ನೆ ಸಾಕು: ಈಚೆಗೆ ಯಾವುದರ ಬಗ್ಗೆ ಮೊಬೈಲಿನಲ್ಲಿ ಹುಡುಕಿದೆ? ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಯಾಕೆ ಬಿಟ್ಟೆ?

ದೆವ್ವ, ಕ್ರಿಕೆಟ್, ಇಸ್ರೋ, ಪೊಲೀಸ್, ಹಾವು, ಬೈಕು, ಮೇಕಪ್ಪು ಎಲ್ಲವೂ ಬರುತ್ತವೆ. ಲವ್ ಸ್ಟೋರಿ ಎಂದೂ ಬರುತ್ತದೆ. ಗಾಬರಿ ಬೇಡ. ಹದಿನಾಲ್ಕರ ವಯಸ್ಸಿಗೆ ಆ ಕುತೂಹಲ ಸಹಜ. ಸ್ನೇಹ, ಆಕರ್ಷಣೆ, ಮೈಯ ಬದಲಾವಣೆಗಳ ಬಗ್ಗೆ ಮರ್ಯಾದೆಯಿಂದ ಬರೆದ ಪುಸ್ತಕ ಲೈಬ್ರರಿಯಲ್ಲಿ ಸಿಗದಿದ್ದರೆ ಅವರು ಹುಡುಕುವುದು ಎಲ್ಲಿ ಎಂಬುದು ನಮಗೆಲ್ಲ ಗೊತ್ತು. ಇಂಥವನ್ನು ತರಿಸುವ ಮುನ್ನ ಒಬ್ಬ ಮೇಡಂ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಬ್ಬ ತಾಯಿ ಓದಿ ನೋಡಿದರೆ ಮುಂದೆ ತಕರಾರು ಬರುವುದಿಲ್ಲ.

ಹಂತ 3: ದುಡ್ಡು ಮತ್ತು ಪಟ್ಟಿ

2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಲೈಬ್ರರಿಗೆ, ಶಾಲೆಯ ಹಂತ ನೋಡಿಕೊಂಡು, ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನದ ಅವಕಾಶವಿಟ್ಟಿದ್ದರು. ಅನುದಾನದ ಜೊತೆಗೇ ಪುಸ್ತಕಗಳ ಪಟ್ಟಿ ಬಂದರೆ ಅದರಂತೆ ಕೊಳ್ಳಬೇಕಾಗುತ್ತದೆ. ಆಗ ನಿಮ್ಮ ಮಕ್ಕಳ ಚೀಟಿಯಲ್ಲಿದ್ದದ್ದಕ್ಕೆ ಹಳೆಯ ವಿದ್ಯಾರ್ಥಿಗಳನ್ನೋ ಊರಿನ ದಾನಿಗಳನ್ನೋ ಕೇಳಿ. ಕೇಳುವಾಗ 'ಪುಸ್ತಕ ಕೊಡಿ' ಎನ್ನಬೇಡಿ. ಅಟ್ಟದ ಮೇಲಿನ ಹಳೆಯ ಎನ್‌ಸೈಕ್ಲೋಪಿಡಿಯಾ ಬಂದು ಬೀಳುತ್ತದೆ. ಪಟ್ಟಿ ಕೈಗಿಟ್ಟು 'ಇದರಲ್ಲಿ ಹತ್ತು ನಿಮ್ಮ ಲೆಕ್ಕಕ್ಕೆ' ಎನ್ನಿ.

ಕೈಯಲ್ಲಿ 10,000 ರೂಪಾಯಿ ಇದೆ, ಪುಸ್ತಕಕ್ಕೆ ಸರಾಸರಿ 150 ರೂಪಾಯಿ ಎಂದುಕೊಳ್ಳಿ. ಬರುವುದು 66 ಪುಸ್ತಕ, ಅಷ್ಟೆ. ಆದ್ದರಿಂದ ಇದರಲ್ಲಿ ಪರೀಕ್ಷೆಯ ಗೈಡು, ಪ್ರಬಂಧ ಸಂಗ್ರಹ, ದಪ್ಪ ನಿಘಂಟಿನ ಮೂರು ಪ್ರತಿಗಳಿಗೆ ಜಾಗವಿಲ್ಲ.

ಕನ್ನಡದಲ್ಲಿ ಒಂದು ತೊಡಕಿದೆ. ಚಿಕ್ಕ ಮಕ್ಕಳಿಗೆ ಚಿತ್ರದ ಕತೆಗಳು ಬೇಕಾದಷ್ಟಿವೆ, ದೊಡ್ಡವರಿಗೆ ಕಾದಂಬರಿಗಳಿವೆ. ನಡುವಿನ ಹದಿಮೂರರಿಂದ ಹದಿನಾರರ ವಯಸ್ಸಿನವರಿಗೆಂದೇ ಬರೆದದ್ದು ಕಡಿಮೆ. ಹಾಗಾಗಿ ಅರ್ಧ ಪಟ್ಟಿಯನ್ನು ದೊಡ್ಡವರ ಕಪಾಟಿನಿಂದಲೇ ಆರಿಸಿಕೊಳ್ಳಬೇಕು: ನೂರೈವತ್ತು ಪುಟದೊಳಗಿನ ಕಾದಂಬರಿ, ಕಾಡು–ಪ್ರಾಣಿಗಳ ಅನುಭವ ಕಥನ, ಪತ್ತೇದಾರಿ, ಪ್ರವಾಸ, ಆಟಗಾರರ ಮತ್ತು ವಿಜ್ಞಾನಿಗಳ ಆತ್ಮಕತೆ, ಹಾಸ್ಯ ಲೇಖನ. 'ಮಕ್ಕಳ ಸಾಹಿತ್ಯ' ಎಂದು ಮುಖಪುಟದಲ್ಲೇ ಬರೆದಿರುವ ನೀತಿಕತೆಗಳನ್ನು ಹತ್ತನೇ ಕ್ಲಾಸಿನ ಹುಡುಗನ ಕೈಗಿಟ್ಟರೆ ಅವನು ಅದನ್ನು ಬ್ಯಾಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಾನೆಯೇ ಹೊರತು ಓದುವುದಿಲ್ಲ.

ಎಲ್ಲಿ ಹುಡುಕಬೇಕು? ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಅದರ ಕನ್ನಡದ ಪಟ್ಟಿಯಿಂದ ಶುರು ಮಾಡಬಹುದು. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಕನ್ನಡ ಪುಸ್ತಕ ಪ್ರಾಧಿಕಾರಗಳ ಕ್ಯಾಟಲಾಗ್ ತರಿಸಿಕೊಳ್ಳಿ. ಪಟ್ಟಿ ಬೇಗ ಸಿದ್ಧವಿದ್ದರೆ ನವೆಂಬರಿನ ರಾಜ್ಯೋತ್ಸವ ರಿಯಾಯಿತಿಯ ಹೊತ್ತಿಗೆ ಕೊಳ್ಳುವುದು ಲಾಭ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆಗೆ ಚಂದಾ ಕಟ್ಟಿದರೆ ವರ್ಷವಿಡೀ ಹೊಸ ಓದು ಬರುತ್ತಿರುತ್ತದೆ. ಇಂಗ್ಲಿಷಿಗೆ ಹೆದರುವ ಮಕ್ಕಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಒಂದೇ ಕತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪುಕ್ಕಟೆ ಸಿಗುತ್ತದೆ. ಪ್ರಿಂಟ್ ತೆಗೆದುಕೊಳ್ಳಲು ಅನುಮತಿಯೂ ಇದೆ. ಗಡಿಭಾಗದ ಶಾಲೆಯಾದರೆ ಮನೆಯಲ್ಲಿ ಉರ್ದು, ತೆಲುಗು, ಮರಾಠಿ ಆಡುವ ಮಕ್ಕಳಿಗೂ ನಾಲ್ಕು ಪುಸ್ತಕ ಇರಲಿ.

ಹಂತ 4: ಕೈಯಲ್ಲಿ ಹಿಡಿದು ನೋಡಿ

ಸಾಧ್ಯವಾದರೆ ಅಂಗಡಿಗೆ ಖುದ್ದಾಗಿ ಹೋಗಿ. ಜೊತೆಗೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಪುಸ್ತಕವನ್ನು ನಟ್ಟನಡುವೆ ಪೂರ್ತಿ ಬಿಡಿಸಿ. ಒಳಗೆ ಹೊಲಿಗೆಯ ದಾರ ಕಂಡರೆ ಮೂವತ್ತು ಕೈ ದಾಟಿದರೂ ಬಾಳುತ್ತದೆ. ಬರೀ ಗೋಂದಿನಲ್ಲಿ ಅಂಟಿಸಿದ್ದಾದರೆ ಬೆನ್ನು 'ಚಟ್' ಎಂದು ಸೀಳಿ ಮೊದಲ ತಿಂಗಳಲ್ಲೇ ಹಾಳೆ ಕೈಗೆ ಬರುತ್ತದೆ. ಗೋಂದಿನದ್ದೇ ಆದರೂ ಬಿಡಲಾಗದ ಪುಸ್ತಕವಾದರೆ ತಂದ ತಕ್ಷಣ ಊರಿನ ಬೈಂಡರ್ ಹತ್ತಿರ ಹೊಲಿಸಿ. ಅಕ್ಷರ ಇಷ್ಟಿಷ್ಟೇ ಇದ್ದು ಸಾಲುಗಳು ಒತ್ತಿಕೊಂಡಿದ್ದರೆ ಬೇಡ. ವಿಜ್ಞಾನ, ಕಂಪ್ಯೂಟರ್ ಪುಸ್ತಕವಾದರೆ ಮೊದಲ ಮುದ್ರಣ ಯಾವಾಗ ಎಂದು ಒಳಪುಟದಲ್ಲಿ ನೋಡಿ. ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟಿದ್ದು 2006ರಲ್ಲಿ. ಇನ್ನೂ ಒಂಬತ್ತು ಗ್ರಹ ಎಣಿಸುವ ಪುಸ್ತಕಗಳು ಹೊಳೆಯುವ ಹೊಸ ಮುಖಪುಟ ಹೊತ್ತು ಬರುತ್ತವೆ.

ಎಲ್ಲದಕ್ಕೂ ಒಂದೊಂದೇ ಪ್ರತಿ ಬೇಕೆಂದಿಲ್ಲ. ಚೀಟಿಯಲ್ಲಿ ಮತ್ತೆ ಮತ್ತೆ ಬಂದ ವಿಷಯದ ಪುಸ್ತಕಕ್ಕೆ ಎರಡು ಪ್ರತಿ ತನ್ನಿ. ಗೆಳೆಯರಿಬ್ಬರು ಒಟ್ಟಿಗೆ ಓದಿದ ಪುಸ್ತಕಕ್ಕೆ ಪ್ರಚಾರ ಬೇಕಾಗಿಲ್ಲ. ಕೊಟೇಶನ್ ತರಿಸುವಾಗ ರಿಯಾಯಿತಿ ಎಷ್ಟೆಂದು ಬರೆಸಿಕೊಳ್ಳಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ತೆಗೆಸಿ.

ಹಂತ 5: ನಂಬರು, ಸೀಲು

ಇದನ್ನು ಒಂದು ಮಧ್ಯಾಹ್ನ ಕುಳಿತು ಮುಗಿಸಿಬಿಡಿ. ದಾಖಲಾತಿ ವಹಿಯಲ್ಲಿ ಕ್ರಮಸಂಖ್ಯೆ, ತಾರೀಖು, ಲೇಖಕ, ಹೆಸರು, ಪ್ರಕಾಶಕ, ಬೆಲೆ, ಬಿಲ್ ನಂಬರು ಬರೆಯಿರಿ. ಅದೇ ಕ್ರಮಸಂಖ್ಯೆ ಪುಸ್ತಕದ ಮೊದಲ ಪುಟದಲ್ಲೂ ನೀವೇ ಗೊತ್ತುಮಾಡಿದ ಒಂದು ಒಳಪುಟದಲ್ಲೂ ಇರಲಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಎರಡು ಬೀರುವಿನ ಲೈಬ್ರರಿಗೆ ಅಷ್ಟು ಉದ್ದದ ನಂಬರು ಯಾಕೆ? ಕತೆಗೆ ಕೆಂಪು, ವಿಜ್ಞಾನಕ್ಕೆ ಹಸಿರು, ಬದುಕಿನ ಕತೆಗೆ ಹಳದಿ ಟೇಪು ಬೆನ್ನಿಗೆ ಅಂಟಿಸಿದರೆ ಸಾಕು. ಬೇಗ ಮುಗಿಸಿ ಎನ್ನುವುದಕ್ಕೆ ಕಾರಣವಿದೆ: 'ಇನ್ನೂ ಎಂಟ್ರಿ ಆಗಿಲ್ಲ' ಎಂಬ ನೆಪದಲ್ಲಿ ಬಂಡಲ್ ಬಿಚ್ಚದೆ ವರ್ಷ ಕಳೆದುಬಿಡುತ್ತದೆ.

ಹಂತ 6: ಬೀಗ ತೆಗೆಯಿರಿ

ಕಳೆದುಹೋದರೆ? ಇದೇ ನಿಜವಾದ ಭಯ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ಬಗ್ಗೆ ಉದಾರವಾಗಿವೆ: ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ವರ್ಷಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಮೋಸವೋ ನಿರ್ಲಕ್ಷ್ಯವೋ ಇರಬಾರದು ಅಷ್ಟೆ. ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಯದ್ದು, ಅಪರೂಪದ್ದು ಕಳೆದರೆ ಮಾತ್ರ ತನಿಖೆ ಕಡ್ಡಾಯ. ರಾಜ್ಯದ ಶಾಲೆಗಳಿಗೆ ಈ ನಿಯಮ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಮುಂದಿಟ್ಟು, ಇನ್‌ಚಾರ್ಜ್ ಶಿಕ್ಷಕರ ಜೇಬಿಗೆ ಕೈ ಹಾಕುವುದಿಲ್ಲ ಎಂದು ನಡಾವಳಿಯಲ್ಲಿ ಬರೆಸಿ. ಈ ಒಂದು ಸಾಲು ಬರೆಸದೆ ಮಿಕ್ಕ ಹಂತಗಳಿಗೆ ಕೈ ಹಾಕಬೇಡಿ ಎಂದೇ ನಾನು ಹೇಳುವುದು. ಪುಸ್ತಕ ಕಳೆದ ಮಗುವಿನಿಂದ ದಂಡವೂ ಬೇಡ. ಒಮ್ಮೆ ದಂಡ ಕಟ್ಟಿದ ಮನೆಯಿಂದ ಮತ್ತೆ ಯಾರೂ ಪುಸ್ತಕ ಕೇಳಿಕೊಂಡು ಬರುವುದಿಲ್ಲ.

ಪುಸ್ತಕಗಳು ಬೆನ್ನು ತೋರಿಸಿ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ವರಾಂಡದಲ್ಲಿ ನೈಲಾನ್ ದಾರ ಕಟ್ಟಿ, ಹೊಸ ಪುಸ್ತಕಗಳನ್ನು ಮುಖಪುಟ ಕಾಣುವಂತೆ ನೇತುಹಾಕಿ. ಹಂಚುವ ಕೆಲಸ ಪ್ರತಿ ಕ್ಲಾಸಿನ ಒಬ್ಬ ಹುಡುಗ, ಒಬ್ಬ ಹುಡುಗಿಗೆ ಕೊಡಿ, ರಿಜಿಸ್ಟರೂ ಅವರೇ ಬರೆಯಲಿ. ಸಮಯ ಊಟದ ಬಿಡುವು. ಸಂಜೆ ಎಂದಿಟ್ಟರೆ ಬಸ್ಸು ಹಿಡಿಯುವ ಮಕ್ಕಳು, ಅದರಲ್ಲೂ ಹುಡುಗಿಯರು ತಪ್ಪಿಹೋಗುತ್ತಾರೆ. ಹದಿನೈದು ದಿನದ ಗಡುವು ಸಾಕು.

ಸಂಕ್ರಾಂತಿ ಕಳೆದ ಮೇಲೆ ಹತ್ತನೆಯವರು ಎಸ್ಸೆಸ್ಸೆಲ್ಸಿ ಗುಂಗಿನಲ್ಲಿರುತ್ತಾರೆ, ಅವರನ್ನು ಬಿಟ್ಟುಬಿಡಿ. ಬೇಸಿಗೆ ರಜೆಗೆ ಮುನ್ನ 'ಎಲ್ಲ ಪುಸ್ತಕ ವಾಪಸ್' ಎಂಬ ಹಳೆಯ ಪದ್ಧತಿಯನ್ನು ಮಾತ್ರ ಮುರಿಯಿರಿ. ಎಂಟು, ಒಂಬತ್ತನೆಯವರಿಗೆ ತಲಾ ಎರಡು ಪುಸ್ತಕ ಕೊಟ್ಟು ಕಳಿಸಿ. ಅದೂ ಮುಗಿದರೆ ಗ್ರಾಮ ಪಂಚಾಯಿತಿ ಲೈಬ್ರರಿ ಇದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ರಜೆಗೆ ಮುಂಚೆಯೇ ಇಡೀ ಕ್ಲಾಸಿನ ಹೆಸರು ಅಲ್ಲಿ ಬರೆಸಿಬಿಡಿ.