ಕುಂಟೆಬಿಲ್ಲೆ ಆಡುತ್ತಾ ಶ್ರುತಿ ಕೂತಿತು

ನಾಲ್ಕೈದು ವರ್ಷದ ಮಕ್ಕಳಿಗೆ ಶ್ರುತಿ ಕೂರಿಸೋದು, ಅಂದರೆ ಆಧಾರ ಸ್ವರಕ್ಕೆ ದನಿ ಸೇರಿಸಿ ಹಾಡಿಸೋದು ಆಗದ ಮಾತು, ಏಳು ತುಂಬಲಿ ಅಂತ ನನಗೆ ಹೇಳದವರಿಲ್ಲ. ಶಿವಮೊಗ್ಗದ ನಮ್ಮ ಮನೆ ಹಾಲ್‌ಗೆ ಈಗ ಹನ್ನೆರಡು ಪುಟಾಣಿಗಳು ಕರ್ನಾಟಕ ಸಂಗೀತ ಕಲಿಯೋಕೆ ಬರುತ್ತವೆ. ಆಧಾರ ಸ್ವರ ನುಡಿಸುವ ಶ್ರುತಿ ಪೆಟ್ಟಿಗೆ ನಿಲ್ಲಿಸಿದರೂ ಎಂಟೊಂಬತ್ತು ಮಕ್ಕಳು ಸರಿಯಾಗಿ ಷಡ್ಜಕ್ಕೆ, ಅಂದರೆ ಸ ಗೆ ಬಂದು ನಿಲ್ಲುತ್ತವೆ. ಇದಕ್ಕೆ ಮೂರು ವರ್ಷ ಹಿಡಿಯಿತು.

ಮೊದಲು ನಾನೂ ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ಸ) ಸರಳೆ, ಅಂದರೆ ಸ-ರಿ-ಗ-ಮ ದ ಮೊದಲ ಪಾಠ ಶುರು ಮಾಡಿದೆ. ಕೆಳಗಿನ ಸ ಆ ಗಂಟಲಿಗೆ ಎಟುಕಲೇ ಇಲ್ಲ. "ಸ್ವರ ಏರಿಸು ಪುಟ್ಟಾ" ಅಂದರೆ ಕಿರುಚುತ್ತಿದ್ದವು. ಟಿವಿ ಸೌಂಡ್ ಏರಿಸು ಅಂದರೆ ಜೋರು ಮಾಡು ಅಂತ, ಅಲ್ವಾ? ಅವತ್ತಿನಿಂದ ಆ ಮಾತೇ ಬಿಟ್ಟೆ, ಶ್ರುತಿಯನ್ನ ಮೇಲಕ್ಕೆ, ಆರೂವರೆ ಮನೆಗೆ ತಂದೆ.

ಆಮೇಲೆ ಮಹಡಿ ಮೆಟ್ಟಿಲು ಹತ್ತಿಸುತ್ತಾ ಹಾಡಿಸಿದೆ. ನಾಲ್ಕು ತಿಂಗಳು ದಂಡ. ಮೆಟ್ಟಿಲೆಲ್ಲ ಒಂದೇ ಎತ್ತರ. ಸರಳೆಯ ರಾಗವಾದ ಮಾಯಾಮಾಳವಗೌಳದಲ್ಲಿ ಸ ಬಿಟ್ಟರೆ ಪಕ್ಕದಲ್ಲೇ ರಿ, ಅಲ್ಲಿಂದ ಗ ಗೆ ಹಳ್ಳ ಹಾರಬೇಕು. ಮಕ್ಕಳು ಕಾಲಿನ ಮಾತು ಕೇಳಿದವು. ರಿ ಮೇಲಕ್ಕೆ ಸರಿದು ಬೇರೆಯೇ ರಾಗದ, ಶಂಕರಾಭರಣದ ರಿ ಆಗಿಬಿಟ್ಟಿತು.

ದುಡ್ಡೂ ಹೋಯಿತು. ಫೋಮ್ ಮ್ಯಾಟಿಗೆ ಮೂರೂವರೆ ಸಾವಿರ. ರೆಡ್ ಆಕ್ಸೈಡ್ ನೆಲದ ಮೇಲೆ ಅದು ಜಾರಿ ಒಬ್ಬನ ಗದ್ದ ಒಡೆಯಿತು. ಬಣ್ಣದ ಗಂಟೆಗಳಿಗೆ ಎರಡು ಸಾವಿರದ ಹತ್ತಿರ, ಅದರಲ್ಲಿ ಎರಡು ಶ್ರುತಿಯಲ್ಲೇ ಇರಲಿಲ್ಲ. "ಸುಮ್ನೆ ಕುಣಿಸ್ತಾರೆ, ಪಾಠ ಎಲ್ಲಿ?" ಅಂತ ಐದು ಮಕ್ಕಳನ್ನ ಬಿಡಿಸಿದರು. ತಲೆಗೆ 600 ಫೀಸು, ಲೆಕ್ಕ ಹಾಕಿಕೊಳ್ಳಿ.

ಗೆದ್ದಿದ್ದು 10 ರೂಪಾಯಿಯ ಸೀಮೆಸುಣ್ಣ.

ಊಟಕ್ಕೆ ಬಾರದ ಮಗನನ್ನ ಅಮ್ಮ ಬೀದಿಗೆ ಕೇಳುವಂತೆ ರಾಗ ಎಳೆದು ಕರೆಯುವ ದನಿ ಇದೆಯಲ್ಲ, ಅದು ಹೆಚ್ಚು ಕಡಿಮೆ ಪ ದಿಂದ ಗ ಗೆ ಇಳಿಯುತ್ತೆ. ಅಲ್ಲಿಂದ ಶುರು. ಹಂಗೇರಿಯ ಕೊದಾಯ್ ಅನ್ನೋ ಸಂಗೀತ ಪಾಠದ ಪದ್ಧತಿಯಲ್ಲೂ ಮಕ್ಕಳಿಗೆ ಮೊದಲು ಕೊಡೋದು ಈ ಅಂತರವನ್ನೇ. ಪ ಗೆ ಕೈ ಎದೆಗೆ, ಗ ಗೆ ಸೊಂಟಕ್ಕೆ. ಆಮೇಲೆ ಧ, ಸ, ರಿ ಸೇರಿಸಿದರೆ ಮೋಹನ ರಾಗ ಆಯಿತು. ಅದರಲ್ಲಿ ಒಂದಕ್ಕೊಂದು ಒತ್ತಿಕೊಂಡ ಸ್ವರಗಳಿಲ್ಲ, ಮಕ್ಕಳು ಎಡವೋದು ಕಡಿಮೆ. "ದಾಸರು ಹಾಕಿಕೊಟ್ಟ ದಾರಿ ನಿಮಗೆ ಸಾಲದಾ?" ಅಂತ ಹಿರಿಯರೊಬ್ಬರು ಬೇಜಾರು ಮಾಡಿಕೊಂಡರು. ಪುರಂದರದಾಸರು ಪಾಠ ಶುರು ಮಾಡಿಸಿದ ಮಾಯಾಮಾಳವಗೌಳಕ್ಕೆ ನಾನೂ ಬರುತ್ತೇನೆ, ಎರಡು ತಿಂಗಳು ತಡವಾಗಿ.

ಆಗ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತೇನೆ. ಸ–ರಿ ಒಂದು ಗೇಣು, ರಿ–ಗ ಮೂರು, ಗ–ಮ ಒಂದು, ಮ–ಪ ಎರಡು. ಪ ದಿಂದ ಮುಂದೆ ಮತ್ತೆ ಒಂದು, ಮೂರು, ಒಂದು. ಒಟ್ಟು ಹನ್ನೆರಡು ಗೇಣು, ಒಂಬತ್ತಡಿ ಹತ್ತಿರ. ರಿ ಗೆ ಪಾದ ಸರಿಸಿದರೆ ಸಾಕು, ಗ ಗೆ ಹಾರಲೇಬೇಕು.

ಕುಂಟೆಬಿಲ್ಲೆಯಲ್ಲಿ ಬಿಲ್ಲೆ ಬಿದ್ದ ಮನೆ ತುಳಿಯೋ ಹಾಗಿಲ್ಲ ತಾನೆ? ನಮ್ಮಲ್ಲಿ ಬಿಲ್ಲೆ ಬಿದ್ದ ಸ್ವರ ಹಾಡೋ ಹಾಗಿಲ್ಲ, ಮನಸ್ಸಿನಲ್ಲೇ ಅಂದುಕೊಂಡು ದಾಟಬೇಕು. ಐದು ವರ್ಷದ ಒಬ್ಬ ಹುಡುಗನ ಬಿಲ್ಲೆ ಮ ಮೇಲೆ ಬಿತ್ತು. ಗ ಹಾಡಿ ನಿಂತ. ತುಟಿ ಬಿಗಿಯಾಗಿ ಮುಚ್ಚಿತ್ತು, ಗಂಟಲು ಮಾತ್ರ ಚೂರು ಅಲುಗಿತು. ಹಾರಿದ. ಪ ಗೆರೆ ಎಳೆದ ಹಾಗೆ ಬಂತು. ಪೆಟ್ಟಿಗೆ ಹಾಕಿ ನೋಡಿದೆ, ಒಂದಿಷ್ಟೂ ಕದಲಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ನಡುವೆ ಜಲತರಂಗದ ಹುಚ್ಚೂ ಹಿಡಿದಿತ್ತು. ಪಿಂಗಾಣಿ ಬಟ್ಟಲಿಗೆ ನೀರು ಹಾಕುತ್ತಾ ಹೋದರೆ ಸ್ವರ ಇಳಿಯೋದು ಮಕ್ಕಳಿಗೆ ಬಲು ಇಷ್ಟ. ಆದರೆ ಬಟ್ಟಲು ತುಂಬುತ್ತಾ ಮೇಲೆ ಬರುತ್ತೆ, ಸ್ವರ ಕೆಳಗೆ ಹೋಗುತ್ತೆ. ಇದ್ದ ಗೊಂದಲ ಜಾಸ್ತಿ ಆಯಿತು, ಬಿಟ್ಟೆ.

ಎಷ್ಟು ಹಾಡಿಸಿದರೂ ಒಂದೇ ಸ್ವರದಲ್ಲಿ ಗೊಣಗೋ ಮಕ್ಕಳು ಇರುತ್ತವಲ್ಲ, ಅವಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಬಾಯಿಗಿಂತ ಅಂಗೈಗೆ ಕೆಲಸ ಜಾಸ್ತಿ. ಅದನ್ನ ಇಲ್ಲಿ ಬರೆಯೋಲ್ಲ, ತರಗತಿಗೆ ಬಂದವರಿಗೆ ತೋರಿಸುತ್ತೇನೆ. ಇನ್ನೂ ಕೈಗೆ ಸಿಗದ್ದು ಅವರೋಹಣದ, ಅಂದರೆ ಮೇಲಿನಿಂದ ಇಳಿದು ಬರುವಾಗಿನ ಧ. ನಿ ಯಿಂದ ಹಿಂದಕ್ಕೆ ಮೂರು ಗೇಣು ಹಾರೋಕೆ ಮಕ್ಕಳಿಗೆ ಭಯ. ಈಗ ತಿರುಗಿ ನಿಂತು ಮುಂದಕ್ಕೇ ಹಾರಿಸಿ ನೋಡುತ್ತಿದ್ದೇನೆ.