ನಿವೃತ್ತಿಯಾದ ಮೇಲೆ ಸಿಗುವ ಬಿಡುವನ್ನು ಬಿಡುವಾಗಿಯೇ ಇಟ್ಟುಕೊಳ್ಳಿ

ನಿವೃತ್ತಿಯಾದ ಹೊಸತರಲ್ಲಿ ಬೆಳಿಗ್ಗೆ ಒಂಬತ್ತಾಗುತ್ತಿದ್ದ ಹಾಗೇ ನನ್ನ ಕೈ ತಾನಾಗಿ ಅಂಗಿ ಜೇಬು ಮುಟ್ಟಿ ನೋಡುತ್ತಿತ್ತು, ಪೆನ್ನು ಇದೆಯಾ, ಐಡಿ ಕಾರ್ಡ್ ಇದೆಯಾ ಅಂತ. ಹೋಗಬೇಕಾದ ಜಾಗವೇ ಇರಲಿಲ್ಲ. ನಿಮಗೂ ಅಂಥ ಚಡಪಡಿಕೆ ಇದ್ದರೆ ಗಾಬರಿ ಬೇಡ. ಎಷ್ಟೋ ವರ್ಷದ ರೂಢಿ, ವಾರದಲ್ಲಿ ಹೋಗುವಂಥದ್ದಲ್ಲ.

ಮೊದಲ ಮೂರು ತಿಂಗಳು ಯಾವ ಹೊಸ ಜವಾಬ್ದಾರಿಯನ್ನೂ ಒಪ್ಪಿಕೊಳ್ಳಬೇಡಿ. "ಹೇಗೂ ಸುಮ್ನೆ ಇದ್ದೀರಲ್ಲ" ಅಂತ ಊರವರ ಕೆಲಸವೆಲ್ಲ ನಿಮ್ಮ ತಲೆಗೆ ಕಟ್ಟಲು ಬರುತ್ತಾರೆ. "ಸ್ವಲ್ಪ ದಿನ ಬಿಟ್ಟು ಹೇಳುತ್ತೇನೆ" ಅಂದುಬಿಡಿ.

ಇಡೀ ದಿನ ಹೇಗಾದರೂ ಹೋಗಲಿ, ಏಳುವ ಹೊತ್ತು ಮಾತ್ರ ಬದಲಾಯಿಸಬೇಡಿ. ಎದ್ದು ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿ ನಿಲ್ಲಿ, ಮೈಯೊಳಗಿನ ಗಡಿಯಾರವನ್ನು ಸರಿಯಾಗಿಡುವುದು ಬೆಳಗಿನ ಬೆಳಕೇ. ಮಧ್ಯಾಹ್ನ ಕಣ್ಣು ಎಳೆದರೆ ಮಲಗಿ. ಅರ್ಧ ಗಂಟೆ ಸಾಕು, ಜಾಸ್ತಿಯಾದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟು ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ನಿಮಗೆ ಬೇಕಾದ ಹಾಗೆ ಹಂಚಿಕೊಳ್ಳಿ.

ಇನ್ನು ಮುಖ್ಯ ವಿಷಯ. ದಿನಕ್ಕೆ ಎರಡು ಗಂಟೆ ಏನೂ ಗೊತ್ತುಮಾಡದೆ ಬಿಡಿ, ಆಗ ಫೋನ್ ಇನ್ನೊಂದು ಕೋಣೆಯಲ್ಲಿರಲಿ, ಯಾಕೆಂದರೆ ಬಿಡುವನ್ನೆಲ್ಲ ಗೊತ್ತೇ ಆಗದ ಹಾಗೆ ತಿನ್ನುವುದು ಅದೇ. ಮೊದಲ ಇಪ್ಪತ್ತು ನಿಮಿಷ ಕಷ್ಟ. ಏನೋ ತಪ್ಪು ಮಾಡುತ್ತಿದ್ದೇನೆ ಅನಿಸುತ್ತದೆ, ಅಲ್ವಾ? ಎದ್ದು ಹೋಗಬೇಡಿ. ನಾನು ಹಾಗೆ ಕೂತಿದ್ದಾಗ ಒಮ್ಮೆ ಕಿಟಕಿ ಕಟ್ಟೆಯ ಮೇಲೆ ನಾಲ್ಕೈದು ಇರುವೆ ಸೇರಿ ಒಂದು ಹುಳದ ರೆಕ್ಕೆ ಎಳೆಯುತ್ತಿದ್ದವು. ಬಿರುಕು ಬಂದ ಕಡೆ ರೆಕ್ಕೆ ಸಿಕ್ಕಿಕೊಂಡಿತು. ಬಿಟ್ಟವು, ಸುತ್ತಿದವು, ಇನ್ನೊಂದು ತುದಿ ಹಿಡಿದು ಎಳೆದವು. ಅವು ದಾಟುವವರೆಗೂ ನಾನು ಅಲ್ಲಾಡಲಿಲ್ಲ. ಅಷ್ಟು ವರ್ಷ ಅದೇ ಕಿಟಕಿ ಪಕ್ಕದಲ್ಲಿ ಶೂ ಹಾಕಿಕೊಂಡು ಓಡಿದ್ದೆ.

ಚಿತ್ರ ಬರೆಯಬೇಕು, ಕೊಳಲು ಕಲಿಯಬೇಕು ಅನಿಸಿದರೆ ಶುರು ಮಾಡಿ, ಬೇಸರ ಬಂದರೆ ಅರ್ಧಕ್ಕೇ ಬಿಡಿ. ಯಾರಿಗೂ ರಿಪೋರ್ಟ್ ಕೊಡಬೇಕಿಲ್ಲ. ವಾರಗಟ್ಟಲೆ ಯಾವುದೂ ಬೇಡ ಅನಿಸಿ ಊಟ ನಿದ್ದೆಯೂ ತಪ್ಪಿದರೆ ಮಾತ್ರ ಅದು ಬಿಡುವಿನ ಮಾತಲ್ಲ, ಡಾಕ್ಟರನ್ನು ನೋಡಿ.

ಮನೆಯವರ ವಿಷಯ ಮರೆಯಬೇಡಿ. ಇಷ್ಟು ವರ್ಷ ಹಗಲು ಹೊತ್ತು ಮನೆಯಲ್ಲಿದ್ದವರಿಗೆ ಅವರದೇ ಒಂದು ಕ್ರಮ ಇರುತ್ತದೆ. ಅವರಿಗೆ ಒಬ್ಬರೇ ಇರಲು ಯಾವ ಹೊತ್ತು ಬೇಕು ಅಂತ ಮೊದಲೇ ಕೇಳಿಕೊಳ್ಳಿ, ನಿಮ್ಮ ಎರಡು ಗಂಟೆಯನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ.